ತ್ರೇಸ್ಯಾ ಚೇಚಿಗೆ ಅಂಟಿಸಿದ ಪದ

ತ್ರೇಸ್ಯಾ ಚೇಚಿ ನನ್ನ ಮಗಳನ್ನು ಕದ್ದುಕೊಂಡು ಹೋಗಲಿಲ್ಲ. ಕರೆದುಕೊಂಡು ಹೋಗು ಅಂತ ಹೇಳಿ ಕಳಿಸಿದವಳು ನಾನು. ಮಗುವಿಗೆ ರೇಷ್ಮೆ ಲಂಗ ತೊಡಿಸಿ, ಎರಡು ಜಡೆ ಹಾಕಿ, ಗೇಟಿನ ತನಕ ಬಂದು ಕೈ ಬೀಸಿದವಳೂ ನಾನೇ. ಅದೇ ದಿನ ಸಂಜೆ ಎರ್ನಾಕುಳಂನ ಬೋಟು ಜೆಟ್ಟಿಯಲ್ಲಿ, ಪೊಲೀಸರ ಮುಂದೆ, ಗಂಡ ಮತ್ತು ಅತ್ತೆಯ ಮುಂದೆ ನಿಂತು, ಅವಳು ನನ್ನನ್ನು ಕೇಳಲೇ ಇಲ್ಲ ಅಂತ ಹೇಳಿದೆ.

ಇಷ್ಟನ್ನು ಬರೆಯುವುದಕ್ಕೆ ಇಪ್ಪತ್ತೈದು ವರ್ಷದ ಮೇಲೆ ಬೇಕಾಯಿತು — ಬೇಕಾಯಿತು ಅಂತ ಯಾಕೆ ಹೇಳಲಿ, ನಾನೇ ತೆಗೆದುಕೊಂಡೆ.

ತಿರುವನಂತಪುರದ ನಮ್ಮ ಕನ್ನಡ ಸಂಘದವರು ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ವರ್ಗವಾಗಿ ಬಂದು ಇಲ್ಲೇ ಉಳಿದ ಬ್ಯಾಂಕಿನವರು, ಸಂಶೋಧನಾ ಕೇಂದ್ರಗಳಲ್ಲಿ ದುಡಿದು ನಿವೃತ್ತರಾದವರು, ಎಲ್ಲರೂ ಏನಾದರೂ ಬರೆದುಕೊಡಬೇಕು. ನನ್ನ ಪಾಲಿಗೆ ಪ್ರತಿ ಸಲ ಒಂದು ಇಂಗ್ಲಿಷ್ ಪದದ ಹುಟ್ಟಿನ ಕಥೆ. ಇಂಗ್ಲಿಷ್ ಎಂ.ಎ. ಮಾಡಿ ಬ್ಯಾಂಕಿನ ಕೌಂಟರಿನಲ್ಲಿ ಕೂತವಳಿಗೆ ಅಷ್ಟಾದರೂ ಚಪಲ ತೀರಬೇಡವೇ? ಅದರಲ್ಲೂ ಎರಡು ಪದ ಸೇರಿ ಆದ, ರಕ್ತದ ವಾಸನೆಯಿರುವ ಪದಗಳೆಂದರೆ ನನಗೆ ಆಸೆ. ಡೆಡ್‌ಲೈನ್ ಬಗ್ಗೆ ಬರೆದೆ. ಅದು ಮೊದಲು ಸೆರೆಮನೆಯ ಸುತ್ತ ಹಾಕಿದ ಗೆರೆಯಾಗಿತ್ತು, ದಾಟಿದ ಕೈದಿಗೆ ಗುಂಡು ಬೀಳುತ್ತಿತ್ತು ಅಂತ ಬರೆದಾಗ ಓದಿದವರೆಲ್ಲ ಭೇಷ್ ಅಂದರು. ಬ್ಲ್ಯಾಕ್‌ಮೇಲ್ ಬಗ್ಗೆಯೂ ಬರೆದೆ. ಒಂದು ಪದವನ್ನು ಮಾತ್ರ ಪ್ರತಿ ವರ್ಷ ಪಕ್ಕಕ್ಕೆ ಸರಿಸುತ್ತಾ ಬಂದೆ. ಅದು ಕಿಡ್ನ್ಯಾಪ್. ಈ ವರ್ಷ ಅದನ್ನೇ ಬರೆಯುತ್ತಿದ್ದೇನೆ. ಸಂಪಾದಕರು ಅಚ್ಚು ಹಾಕುತ್ತಾರೋ ಬಿಡುತ್ತಾರೋ ಅವರಿಷ್ಟ.

ಕಿಡ್ ಅಂದರೆ ಮೊದಲು ಮೇಕೆಮರಿ. ಆಮೇಲೆ ಆಡುಮಾತಿನಲ್ಲಿ ಮಗು. ನ್ಯಾಪ್ ಅನ್ನುವುದು ಮಧ್ಯಾಹ್ನದ ಸಣ್ಣ ನಿದ್ದೆಯಲ್ಲ, ಕಳ್ಳರ ಬಾಯಿಯ ಮಾತು — ಎಗರಿಸು, ಬಾಚಿಕೊ. ಇಂಗ್ಲೆಂಡಿನ ಬಂದರುಗಳ ಸಂದಿಗಳಲ್ಲಿ ಆಡುವ ಮಕ್ಕಳನ್ನು ಹಿಡಿದು ಹಡಗಿಗೆ ತುಂಬಿ, ಸಮುದ್ರದಾಚೆಯ ತೋಟಗಳಿಗೆ ಜೀತಕ್ಕೆ ಮಾರುತ್ತಿದ್ದರಂತೆ. ಆ ದಂಧೆಯವರಿಗೆ ಬಿದ್ದ ಹೆಸರು ಇದು. ಆಮೇಲೆ ಪದ ತನ್ನ ಮಕ್ಕಳನ್ನು ಮರೆಯಿತು. ದೊಡ್ಡವರನ್ನು ಎತ್ತಿಕೊಂಡು ಹೋದರೂ ಕಿಡ್ನ್ಯಾಪ್, ಶ್ರೀಮಂತರನ್ನು ಅಡಗಿಸಿಟ್ಟರೂ ಕಿಡ್ನ್ಯಾಪ್. ನಮ್ಮ ಕಡೆ ಹುಡುಗಿ ತಾನೇ ಇಷ್ಟಪಟ್ಟು ಹುಡುಗನ ಜೊತೆ ಹೋದರೂ ಠಾಣೆಯಲ್ಲಿ ಅದೇ ಪದ. ಈಗಂತೂ ನಗೆಗೂ ಬಂದಿದೆ. ನನ್ನ ಮಗಳು ಪಲ್ಲವಿ ಫೋನಿನಲ್ಲಿ, ಭಾನುವಾರ ಬಂದು ನಿನ್ನನ್ನು ಕಿಡ್ನ್ಯಾಪ್ ಮಾಡ್ತೀನಿ, ರೆಡಿಯಾಗಿರು ಅನ್ನುತ್ತಾಳೆ. ಕಾರು ತಂದು ಅವಳ ಮನೆಗೆ ಊಟಕ್ಕೆ ಕರೆದುಕೊಂಡು ಹೋಗುತ್ತಾಳೆ, ಅಷ್ಟೇ.

ಓದುವಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಕಿಡ್ನ್ಯಾಪ್ ಮಾಡುವುದು ಅನ್ನುವ ಕ್ರಿಯಾಪದ ಮೊದಲು ಹುಟ್ಟಿದ್ದಲ್ಲ, ಮೊದಲು ಹುಟ್ಟಿದ್ದು ಕಿಡ್ನ್ಯಾಪರ್ ಅನ್ನುವ ಹೆಸರು ಅಂತ ಕೆಲವು ಪಂಡಿತರು ಹೇಳುತ್ತಾರೆ. ಮೊದಲು ಆಳಿಗೆ ಹೆಸರಿಟ್ಟರು, ಕೆಲಸ ಆಮೇಲೆ ಬಂತು. ಪಂಡಿತರ ಮಾತು ಸರಿಯೋ ತಪ್ಪೋ — ತ್ರೇಸ್ಯಾ ಚೇಚಿಯ ವಿಷಯದಲ್ಲಿ ಆದದ್ದು ಹಾಗೆಯೇ.

ಆಗ ನಾವು ಎರ್ನಾಕುಳಂನ ಪಚ್ಚಾಳದಲ್ಲಿ ಬಾಡಿಗೆಗಿದ್ದೆವು. ನಾವು ಅಂದರೆ ನಾನು ಮತ್ತು ಮೂರೂವರೆ ವರ್ಷದ ಪಲ್ಲವಿ. ನಮ್ಮ ಯಜಮಾನರಿಗೆ ತಿರುವನಂತಪುರದಲ್ಲಿ ಕೆಲಸ, ಶನಿವಾರ ರೈಲು ಹತ್ತಿ ಬರುತ್ತಿದ್ದರು. ನಾನು ಬ್ಯಾಂಕಿಗೆ ಹೋದರೆ ಮಗುವನ್ನು ನೋಡಿಕೊಳ್ಳಲು ಮಟ್ಟಾಂಚೇರಿಯಿಂದ ಬರುತ್ತಿದ್ದವಳು ತ್ರೇಸ್ಯಾ. ನನಗಿಂತ ಹತ್ತು ವರ್ಷ ದೊಡ್ಡವಳು, ಅದಕ್ಕೇ ಚೇಚಿ, ಅಂದರೆ ಅಕ್ಕ. ಅವಳ ಗಂಡ ಶುಂಠಿ, ಮೆಣಸಿನ ಮಂಡಿಗಳಲ್ಲಿ ಮೂಟೆ ಹೊರುತ್ತಿದ್ದ. ಅವಳ ಸೀರೆಯ ಸೆರಗಿಗೂ ಒಣಶುಂಠಿಯ ಘಾಟು ಇರುತ್ತಿತ್ತು. ಬಾಯಿ ಜೋರು. ನಾನು ಬೆಲ್ಲ ಹಾಕಿ ಮಾಡಿದ ಸಾರಿನ ರುಚಿ ನೋಡಿ, ಮೋಳೇ, ಇದಕ್ಕೆ ಗೋಡಂಬಿ ಒಂದು ಹಾಕಿಬಿಡು, ಪಾಯಸ ಆಗುತ್ತೆ ಅನ್ನುತ್ತಿದ್ದಳು. ನನಗೆ ಮಲಯಾಳಂ ಕಲಿಸಿದವಳು ಅವಳೇ. ತಪ್ಪು ಮಾತಾಡಿದರೆ ಮಗುವಿನ ಎದುರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಮೇಲೆ ಅದೇ ವಾಕ್ಯವನ್ನು ಸರಿಯಾಗಿ ಹೇಳುವ ತನಕ ಬಿಡುತ್ತಿರಲಿಲ್ಲ. ಮೋಳೇ ಅಂದರೆ ಮಗಳೇ. ನನ್ನನ್ನು ಅವಳು ಹಾಗಲ್ಲದೆ ಬೇರೆ ಏನೂ ಕರೆದದ್ದಿಲ್ಲ.

ಒಂದು ದಿನ ಮಧ್ಯಾಹ್ನ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ರಜೆ ಹಾಕಿ ನಾನು ಮನೆಯಲ್ಲೇ ಇದ್ದೆ, ಆದರೂ ನನ್ನ ಕೈಕಾಲು ಆಡಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ಹಲ್ಲು ಕಚ್ಚಿಕೊಂಡು — ಬೇಡ, ಅದನ್ನು ಬರೆಯಲಾರೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದವಳು ಚೇಚಿ. ಮಗು ಅವಳ ತೊಡೆಯ ಮೇಲೆ, ನಾನು ಪಕ್ಕದಲ್ಲಿ. ಅವಳು ವಲ್ಲಾರ್ಪಾಡದ ಚರ್ಚಿನ ಮಾತೆಯ ಹೆಸರು ಹೇಳುತ್ತಾ ಇದ್ದಳು. ಆಗ ನಾನು ಅವಳ ಮೊಣಕೈ ಹಿಡಿದು ಹೇಳಿದೆ, ಹರಕೆ ಹೇಳಿಕೊ ಚೇಚಿ, ಏನು ಕೊಡಬೇಕೋ ಹೇಳಿಕೊ, ನನ್ನ ಹೆಸರಿನಲ್ಲಿ ಹೇಳಿಕೊ. ಆ ಹರಕೆ ನನ್ನದು. ಅವಳ ಬಾಯಿಂದ ಹೊರಟದ್ದು, ಅಷ್ಟೇ.

ಮಗು ಉಳಿಯಿತು. ಎರಡು ದಿನದಲ್ಲಿ ಎದ್ದು ಕೂತು ಗಂಜಿ ಬೇಡ, ಬಿಸ್ಕತ್ತು ಬೇಕು ಅಂತ ಹಟ ಹಿಡಿಯಿತು.

ವಲ್ಲಾರ್ಪಾಡಂ ಅಂದರೆ ಈಗ ಎಲ್ಲರಿಗೂ ಕಂಟೇನರ್ ಬಂದರು ನೆನಪಾಗುತ್ತದೆ. ಆಗ ಆ ದ್ವೀಪಕ್ಕೆ ಸೇತುವೆಯೂ ಇರಲಿಲ್ಲ, ಬೋಟಿನಲ್ಲೇ ಹೋಗಬೇಕಿತ್ತು. ಅಲ್ಲಿನ ಇಗರ್ಜಿಗೆ ಹಿಂದೂಗಳೂ ಹೋಗುತ್ತಾರೆ. ಮುಳುಗಿದ ದೋಣಿಯಿಂದ ತಾಯಿ ಮಗು ಇಬ್ಬರನ್ನೂ ಮಾತೆ ಉಳಿಸಿಕೊಟ್ಟಳು ಅಂತ ಚೇಚಿ ಕಥೆ ಹೇಳುತ್ತಿದ್ದಳು. ಹರಕೆ ಹೊತ್ತ ಮಕ್ಕಳನ್ನು ಅಲ್ಲಿ ಅಡಿಮ ಇರಿಸುತ್ತಾರೆ. ಅಡಿಮ ಅಂದರೆ ಗುಲಾಮ, ಜೀತದಾಳು. ಈ ಮಗು ಇನ್ನು ನಿನ್ನ ಆಳು ತಾಯಿ, ನೀನೇ ನೋಡಿಕೊ ಅಂತ ಒಪ್ಪಿಸಿ ಮನೆಗೆ ವಾಪಸ್ ಕರೆತರುವುದು. ಹರಕೆಯವರು ಪೊರಕೆ ಹಿಡಿದು ಇಗರ್ಜಿಯ ಅಂಗಳ ಗುಡಿಸಬೇಕು, ಅದೇ ಸೇವೆ. ಮಗುವಾದರೆ ಅದರ ಕೈಗೂ ಒಂದು ಪೊರಕೆ ಕೊಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಚೇಚಿ ಒಂದನ್ನೂ ಮುಚ್ಚಿಡದೆ ಬಿಡಿಸಿ ಹೇಳಿದ್ದಳು.

ಆ ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದಳು, ಇವತ್ತು ಹೋಗಿ ಬರಲಾ ಮೋಳೇ? ನೀನೂ ಬಂದರೆ ಒಳ್ಳೆಯದು. ನನಗೆ ಬ್ಯಾಂಕಿಗೆ ಹೊತ್ತಾಗಿತ್ತು. ನಮ್ಮವರು ಬರುವುದು ರಾತ್ರಿ ರೈಲಿಗೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಅವರಿಗೆ ಹೇಳುವ ಗೋಜೇ ಇಲ್ಲ ಅಂತ ಒಳಗೊಳಗೇ ಲೆಕ್ಕ ಹಾಕಿ ಹೇಳಿದೆ, ನೀನೇ ಹೋಗಿ ಬಾ ಚೇಚಿ, ಕತ್ತಲಾಗುವುದರೊಳಗೆ ಬಂದುಬಿಡು. ಟ್ರಂಕಿನಿಂದ ಹಸಿರು ರೇಷ್ಮೆ ಲಂಗ ತೆಗೆದು ತೊಡಿಸಿದೆ.

ಅರ್ಧ ದಿನದ ಶನಿವಾರವಾದರೂ ಲೆಕ್ಕ ಮುಗಿಸಿ ಸಂಜೆ ಬ್ಯಾಂಕಿನಿಂದ ಬಂದರೆ ಬೀಗ ಹಾಕಿದ ಬಾಗಿಲ ಮುಂದೆ ನಮ್ಮವರು ನಿಂತಿದ್ದಾರೆ. ಪಕ್ಕದಲ್ಲಿ ಸೂಟ್‌ಕೇಸಿನ ಮೇಲೆ ನಮ್ಮ ಅತ್ತೆ. ಮಗುವಿಗೆ ಹುಷಾರಿಲ್ಲ ಅಂತ ಕೇಳಿ ನಂಜನಗೂಡಿನಿಂದ ಹೊರಟುಬಂದಿದ್ದರು. ನಮ್ಮವರು ರಜೆ ಹಾಕಿ ಮೊದಲೇ ಬಂದು ಅವರನ್ನು ಸ್ಟೇಷನ್ನಿನಿಂದ ಕರೆತಂದಿದ್ದರು. ಅತ್ತೆ ಕೆಟ್ಟವರಲ್ಲ. ಆದರೆ ಮಡಿಯವರು, ಅವರ ಕಣ್ಣಿಗೆ ಬೀಳದ ಧೂಳಿಲ್ಲ. ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಮೊದಲಿನಿಂದಲೂ ಸಮಾಧಾನವಿರಲಿಲ್ಲ.

"ಮಗು ಎಲ್ಲಮ್ಮಾ ಶಾರದಾ?" ಅಂದರು.

ಆ ಕ್ಷಣಕ್ಕೆ ಹೇಳಬಹುದಿತ್ತು. ಎರಡು ಮಾತಿನ ಕೆಲಸ. ಬೈಸಿಕೊಳ್ಳುತ್ತಿದ್ದೆ, ಅತ್ತೆ ಎರಡು ಹೊತ್ತು ಊಟ ಬಿಡುತ್ತಿದ್ದರು, ನಮ್ಮವರು ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡಿರುತ್ತಿದ್ದರು — ಅಷ್ಟೇ ಆಗುತ್ತಿದ್ದದ್ದು. ಅದಕ್ಕೇ ಹೆದರಿದೆ. ಹೆತ್ತ ಮಗುವನ್ನು ಇನ್ನೊಬ್ಬರ ದೇವರಿಗೆ ಆಳಾಗಿ ಒಪ್ಪಿಸಿದವಳು ಅನ್ನಿಸಿಕೊಳ್ಳುವುದಕ್ಕೆ ಹೆದರಿದೆ.

ಗೊತ್ತಿಲ್ಲ ಅಂದುಬಿಟ್ಟೆ.

ಗೊತ್ತಿಲ್ಲ ಅಂದ ಮೇಲೆ ಎಲ್ಲವೂ ನನ್ನ ಕೈಮೀರಿ ಓಡಿತು. ಅಕ್ಕಪಕ್ಕದಲ್ಲಿ ವಿಚಾರಿಸಿದರು. ಅಂಗಡಿಯವನು, ಆ ಹೆಂಗಸು ಮಗುವನ್ನು ಸಿಂಗಾರ ಮಾಡಿಕೊಂಡು ಆಟೋ ಹತ್ತಿದಳು ಅಂದ. ಸಿಂಗಾರ ಅನ್ನುವ ಮಾತು ಕೇಳಿ ಅತ್ತೆ ಎದೆ ಹಿಡಿದುಕೊಂಡರು. ನಮ್ಮವರು ಮಹಡಿಯ ಮೇಲಿನ ಮನೆ ಮಾಲೀಕರ ಫೋನಿಗೆ ಓಡಿದರು. ಅವರಿಗೆ ಮಲಯಾಳಂ ಆಗಿನ್ನೂ ಅಷ್ಟಕ್ಕಷ್ಟೇ, ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಅಲ್ಲಿಂದ ಕೇಳಿಸಿತು: "ಮೈ ಡಾಟರ್ ಹ್ಯಾಸ್ ಬೀನ್ ಕಿಡ್ನ್ಯಾಪ್ಡ್."

ಆ ಮನುಷ್ಯ ನಿಜವಾಗಿ ಮಗಳನ್ನು ಕಳೆದುಕೊಂಡು ನಿಂತಿದ್ದರು. ಮಗಳು ಎಲ್ಲಿದ್ದಾಳೆ, ಯಾರ ಸೊಂಟದ ಮೇಲಿದ್ದಾಳೆ ಅಂತ ಗೊತ್ತಿದ್ದ ನಾನು ಆ ಮೆಟ್ಟಿಲು ಹತ್ತಲಿಲ್ಲ.

ಇದಕ್ಕಿಂತ ಹೊಲಸು ಇನ್ನೊಂದಿದೆ. ಪೊಲೀಸರು ಬಂದು ವಿಚಾರಿಸಿದಾಗ, ಅವಳು ಎಲ್ಲಿಗೆ ಹೋಗಿರಬಹುದು ಅಂತ ಕೇಳಿದರು. ಹೊತ್ತು ಮುಳುಗುತ್ತಿತ್ತು. ಅವರು ಸುಮ್ಮನೆ ಊರೆಲ್ಲ ಹುಡುಕುವುದು ಬೇಡ, ಮಗು ಬೇಗ ಸಿಕ್ಕಿದರೆ ಎಲ್ಲ ತಣ್ಣಗಾಗುತ್ತದೆ ಅಂತ ಯೋಚಿಸಿ — ಇಲ್ಲ, ಹಾಗೆ ಯೋಚಿಸಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡದ್ದು — ವಲ್ಲಾರ್ಪಾಡದ ಕಡೆ ಅವಳ ನೆಂಟರಿದ್ದಾರೆ, ಜೆಟ್ಟಿಯಲ್ಲಿ ನೋಡಿ ಅಂದೆ. ಅರ್ಧ ನಿಜ ಹೇಳಿ ಅವಳನ್ನು ನಾನೇ ಹಿಡಿದುಕೊಟ್ಟೆ.

ಹೈಕೋರ್ಟಿನ ಹತ್ತಿರದ ಜೆಟ್ಟಿಗೆ ಎಲ್ಲರೂ ಹೋದೆವು. ಶನಿವಾರದ ಜನ. ಯಾರೋ ಮಗು ಕಳ್ಳಿಯನ್ನು ಹಿಡಿಯೋಕೆ ಬಂದಿದ್ದಾರೆ ಅಂದರು, ಅಷ್ಟಕ್ಕೇ ಗುಂಪು ಸೇರಿತು. ಒಂದು ಬೋಟು ಬಂತು, ಅದರಲ್ಲಿ ಅವರಿರಲಿಲ್ಲ. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಧೈರ್ಯವಾಗಿರು ಕಂದಾ ಅನ್ನುತ್ತಿದ್ದರು. ಮದುವೆಯಾದ ಮೇಲೆ ಮೊದಲ ಸಲ ಅವರು ನನ್ನನ್ನು ಕಂದಾ ಅಂದದ್ದು. ನಾನು ಹೆದರಿದ್ದು ಮಗು ಸಿಗುತ್ತದೋ ಇಲ್ಲವೋ ಅಂತಲ್ಲ, ಸಿಕ್ಕಿಬಿಡುತ್ತದಲ್ಲ ಅಂತ. ಎರಡನೆಯ ಬೋಟು ಹತ್ತಿರವಾಗುವಾಗ ಹಸಿರು ಲಂಗ ದೂರದಿಂದಲೇ ಕಂಡಿತು.

ಚೇಚಿ ನನ್ನನ್ನು ನೋಡಿ ನಕ್ಕಳು. ಕರೆದುಕೊಂಡು ಹೋಗುವುದಕ್ಕೆ ಬಂದಿದ್ದೇನೆ ಅಂದುಕೊಂಡಳು. ಇಳಿಯುತ್ತಲೇ ಒಬ್ಬ ಪೊಲೀಸ್ ಅವಳ ರೆಟ್ಟೆ ಹಿಡಿದ, ಇನ್ನೊಬ್ಬ ಮಗುವನ್ನು ಕಿತ್ತುಕೊಂಡು ನಮ್ಮವರ ಕೈಗೆ ಕೊಟ್ಟ. ಮಗು ಅಪ್ಪನ ಹೆಗಲ ಮೇಲಿಂದ ನನಗೆ ಹೆಮ್ಮೆಯಿಂದ ಹೇಳಿತು, "ಅಮ್ಮಾ, ನಾನು ಕಸ ಗುಡಿಸಿದೆ, ಎಷ್ಟೊಂದು ಗುಡಿಸಿದೆ."

ಅತ್ತೆ ಕುಸಿದು ಕೂತರು. ಮೂರು ವರ್ಷದ ಕೂಸಿನ ಕೈಲಿ ಕಸ ಗುಡಿಸಿದ್ದಾಳೆ, ಇವಳು ಎಲ್ಲಿಗೆ ಮಾರುವುದಕ್ಕೆ ಹೋಗಿದ್ದಳೋ ಅಂತ ಅತ್ತರು. ಅಂಗಳ ಗುಡಿಸುವುದೇ ಹರಕೆ ಅಂತ ಆ ಜೆಟ್ಟಿಯಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಆದರೆ ಅತ್ತೆ ಅತ್ತದ್ದು ಕನ್ನಡದಲ್ಲಿ. ಎರಡೂ ಭಾಷೆ ಬಲ್ಲವಳು, ಇದನ್ನು ಅಲ್ಲಿಗೂ ಅದನ್ನು ಇಲ್ಲಿಗೂ ತಿಳಿಸಿ ಹೇಳಬಹುದಾಗಿದ್ದವಳು ನಾನೊಬ್ಬಳೇ.

ಎಸ್.ಐ. ನನ್ನ ಕಡೆ ತಿರುಗಿ ಮಲಯಾಳಂನಲ್ಲಿ ಕೇಳಿದರು, ನಿಮ್ಮ ಒಪ್ಪಿಗೆ ಇತ್ತಾ? ಚೇಚಿ ನನ್ನ ಮುಖ ನೋಡಿದಳು. ಅವಳಿಗೆ ಇನ್ನೂ ಗಾಬರಿಯಾಗಿರಲಿಲ್ಲ. ಮಗು ಮಾತು ಕಲಿಯುವಾಗ ಹೇಳಿಕೊಡುವಂತೆ, ಮೆಲ್ಲಗೆ, "ಪರ ಮೋಳೇ" ಅಂದಳು. ಹೇಳು ಮಗಳೇ.

"ಎನ್ನೋಡು ಚೋದಿಚ್ಚಿಲ್ಲ" ಅಂದೆ. ನನ್ನನ್ನು ಕೇಳಲಿಲ್ಲ.

ಒಂದು ತಪ್ಪಿಲ್ಲದೆ ಹೇಳಿದೆ. ಅವಳೇ ಕಲಿಸಿದ ಮಲಯಾಳಂ. ಪೊಲೀಸರು ಕರೆದುಕೊಂಡು ಹೋಗುವಾಗ ಅವಳು ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಕೇಸು ಆಗಲಿಲ್ಲ. ಮಗು ಸಿಕ್ಕಿತಲ್ಲ, ಕೋರ್ಟು ಗೀರ್ಟು ಬೇಡ ಅಂತ ನಮ್ಮವರೇ ಬಿಡಿಸಿದರು. ಅದನ್ನು ನಾನು ಬಹಳ ಕಾಲ ನನ್ನ ಸಮಾಧಾನಕ್ಕೆ ಇಟ್ಟುಕೊಂಡಿದ್ದೆ — ಕೇಸಂತೂ ಆಗಲಿಲ್ಲವಲ್ಲ. ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ತಿರುವನಂತಪುರಕ್ಕೆ ಬಂದೆ. ಅತ್ತೆ ಸಾಯುವ ತನಕ ಆ ಕಥೆಯನ್ನು ನೆಂಟರಿಗೆ, ಸಂಘದವರಿಗೆಲ್ಲ ಹೇಳಿದರು. ಅವರ ಕಥೆಯಲ್ಲಿ ನಾನು ಜೆಟ್ಟಿಗೆ ಓಡಿ ಮಗುವನ್ನು ಉಳಿಸಿಕೊಂಡ ತಾಯಿ. ಹಾಗೆ ಅವರು ಹೇಳುವಾಗಲೆಲ್ಲ ನಾನು ಕಾಫಿ ಬೆರೆಸುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಪಲ್ಲವಿಗೆ ಈಗ ಒಂದು ಗಂಡು ಮಗು. ಹೋದ ವರ್ಷ ಅದನ್ನು ನೋಡಿಕೊಳ್ಳಲು ಬೇಬಿ ಅನ್ನುವ ಹೆಂಗಸನ್ನು ಇಟ್ಟಳು. ಈಚೆಗೆ ಒಂದು ಮಧ್ಯಾಹ್ನ ಬೇಬಿ ಮಗುವನ್ನು ಎತ್ತಿಕೊಂಡು ಹತ್ತಿರದ ದೇವಸ್ಥಾನದ ಆನೆ ತೋರಿಸಿಕೊಂಡು ಬಂದಳು. ಕ್ಯಾಮೆರಾದಲ್ಲಿ ಮನೆ ಖಾಲಿ ಕಂಡು ಪಲ್ಲವಿ ಆಫೀಸಿನಿಂದ ಹಾರಿಬಂದಳು. ಅಷ್ಟರಲ್ಲಿ ನಾನೂ ಅಲ್ಲಿಗೆ ಬಂದಿದ್ದೆ. ಅವಳು ಬೇಬಿಯನ್ನು ನಿಲ್ಲಿಸಿಕೊಂಡು ಮಲಯಾಳಂನಲ್ಲಿ ಹೇಳಿದಳು, ನನ್ನನ್ನೇ ಚಿಕ್ಕವಳಿದ್ದಾಗ ಕೆಲಸದವಳು ಕಿಡ್ನ್ಯಾಪ್ ಮಾಡಿದ್ದಳು ಗೊತ್ತಾ, ನಮ್ಮಮ್ಮನನ್ನು ಕೇಳು. ಬೇಬಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅದೇ — ಹೇಳು ಅನ್ನುವ ನೋಟ.

ಈ ಸಲ ಹೇಳಿದೆ. ಬೇಬಿಯ ಎದುರೇ, ಕನ್ನಡದಲ್ಲಿ ಶುರುಮಾಡಿ ಮಲಯಾಳಂನಲ್ಲಿ ಮುಗಿಸಿದೆ. ಪಲ್ಲವಿ, ಆ ಚೇಚಿ ಇನ್ನೂ ಇದ್ದಾರಾ ಅಂತ ಕೇಳಿದಳು. ಸಂಜೆ ಯಜಮಾನರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದ್ದು ಒಂದೇ ಮಾತು, "ಹಾಗಾದ್ರೆ ಆ ಪದ ನನ್ನ ಬಾಯಲ್ಲಿ ಯಾಕೆ ಆಡಿಸಿದೆ?"

ಮರುವಾರ ಒಬ್ಬಳೇ ಎರ್ನಾಕುಳಂಗೆ ಹೋಗಿ ಮಟ್ಟಾಂಚೇರಿಗೆ ಬಸ್ಸು ಹಿಡಿದೆ. ಶುಂಠಿ ಮಂಡಿಗಳ ಹಿಂದಿನ ಓಣಿ ಅನ್ನುವುದಷ್ಟೇ ನೆನಪಿತ್ತು. ಓಣಿಯ ಬಾಯಲ್ಲಿ ಒಬ್ಬ ಆಟೋದವನನ್ನು, ತ್ರೇಸ್ಯಾ ಅನ್ನುವವರ ಮನೆ ಎಲ್ಲಿ ಅಂತ ಕೇಳಿದೆ. ಇಲ್ಲಿ ಇಬ್ಬರು ತ್ರೇಸ್ಯಾ ಇದ್ದಾರಲ್ಲ ಅಂದ. ಆಮೇಲೆ ಅಂದ, "ಪಿಳ್ಳೇರೆ ಪಿಡುತ್ತಕ್ಕಾರಿ ತ್ರೇಸ್ಯಾನಾ?"

ಮಕ್ಕಳನ್ನು ಹಿಡಿಯುವವಳು. ಕಿಡ್ ಮತ್ತು ನ್ಯಾಪ್, ಎರಡನ್ನೂ ಪಕ್ಕಪಕ್ಕ ಇಟ್ಟು ಮಲಯಾಳಂ ಮಾಡಿದರೆ ಅದೇ. ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಜೆಟ್ಟಿಯ ಸಂಜೆ ಅವನಿನ್ನೂ ಹುಟ್ಟಿರಲಿಕ್ಕಿಲ್ಲ. ಒಬ್ಬ ತ್ರೇಸ್ಯಾಳನ್ನು ಇನ್ನೊಬ್ಬಳಿಂದ ಬೇರೆ ಮಾಡಿ ಹೇಳುವುದಕ್ಕೆ ಓಣಿಯಲ್ಲಿ ಇಟ್ಟುಕೊಂಡ ಗುರುತು ಅದು. ಹೌದು, ಅವಳೇ ಅಂತ ನಾನು ಹೇಳಬೇಕಾಯಿತು. ಹೇಳಿದೆ.

ಚೇಚಿ ಹೊಸಿಲಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಂಡಿ ಊದಿದೆ. ನನ್ನನ್ನು ಗುರುತಿಸಿದಳು. ಮೋಳೇ ಅನ್ನಲಿಲ್ಲ. ಕೂತುಕೊಳ್ಳಿ ಅಂದಳು, ಬಹುವಚನದಲ್ಲಿ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅತ್ತೆ, ಹೆದರಿಕೆ, ಮೆಟ್ಟಿಲು — ಅಷ್ಟು ದಿನ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡದ್ದು ಅವಳ ಎದುರು ಹೇಳುವಾಗ ಬರೀ ನೆಪ ಹೇಳುವಂತೆ ಕೇಳಿಸಿತು. ಅವಳು ಮುಗಿಯುವ ತನಕ ಕೇಳಿಸಿಕೊಂಡಳು.

"ಇದನ್ನು ನನಗೆ ಯಾಕೆ ಹೇಳ್ತೀರಿ?" ಅಂದಳು. "ನಾನು ಕೇಳಿದ್ದೆ, ನೀವು ಹೂಂ ಅಂದಿದ್ರಿ. ಅದು ನನಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ಲದವರಿಗೆ ಹೇಳಿ."

ಅಂದು, ಕಣ್ಣಿನಲ್ಲೇ ಒಳಗೆ ತೋರಿಸಿದಳು. ಒಳಬಾಗಿಲಲ್ಲಿ ಅವಳ ಸೊಸೆ ನಿಂತಿದ್ದಳು, ಸೊಂಟದಲ್ಲಿ ವರ್ಷ ತುಂಬದ ಮಗು. ಮಗು ಅಜ್ಜಿಯ ಕಡೆಗೆ ಬಾಗಿ ಬಾಗಿ ಕೈ ಚಾಚುತ್ತಿತ್ತು. ಸೊಸೆ ಅದನ್ನು ಮತ್ತೆ ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. "ಅವಳು ಮಾರ್ಕೆಟ್ಟಿಗೆ ಹೋದರೂ ಮಗು ಅವಳ ಜೊತೆಗೇ, ನಾನು ಎತ್ತಿಕೊಂಡದ್ದು ಮಾಮೋದೀಸದ ದಿನ ಫೋಟೋಕ್ಕೆ ಮಾತ್ರ" ಅಂದಳು ಚೇಚಿ. ಮಾಮೋದೀಸ ಅಂದರೆ ಇಗರ್ಜಿಯಲ್ಲಿ ಮಗುವಿಗೆ ಹೆಸರಿಡುವ ದಿನ. ಬೇಜಾರಿನಿಂದ ಹೇಳಲಿಲ್ಲ. ಮನೆಯ ವಿಷಯ ಹೇಳುವಂತೆ ಹೇಳಿದಳು.

ನಾನು ಆ ಹುಡುಗಿಯ ಎದುರು ಹೋಗಿ ನಿಂತೆ. ಜೆಟ್ಟಿಯಲ್ಲಿ ಆಡಿದ ವಾಕ್ಯವನ್ನೇ ತಿರುಗಿಸಿ ಹೇಳಿದೆ. "ಎನ್ನೋಡು ಚೋದಿಚ್ಚಿರುನ್ನು." ನನ್ನನ್ನು ಕೇಳಿದ್ದರು. ಹೋಗಿ ಬಾ ಅಂದವಳು ನಾನು, ಪೊಲೀಸರಿಗೆ ಸುಳ್ಳು ಹೇಳಿದವಳೂ ನಾನು. ಪಕ್ಕದ ಮನೆಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಚೇಚಿಯನ್ನು ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಅಡಿಗೆಮನೆಗೆ ಹೋದಳು.

ಚೇಚಿ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇನ್ನು ಹೊರಡಿ, ಬಸ್ಸಿಗೆ ಹೊತ್ತಾಗುತ್ತೆ ಅಂದಳು.

ಒಂದು ಪದ ಅಂಟಿಸುವುದಕ್ಕೆ ನನಗೆ ಒಂದೇ ಮಾತು ಸಾಕಾಗಿತ್ತು. ಕೀಳುವುದಕ್ಕೆ ಎಷ್ಟು ಬೇಕೋ ತಿಳಿಯದು. ಬರುವ ವಾರ ಮತ್ತೆ ಹೋಗುತ್ತೇನೆ. ಆ ಆಟೋದವನಿಗೆ ಹೇಳಬೇಕು, ಓಣಿಯಲ್ಲಿ ಮನೆಮನೆಗೂ ಹೇಳಬೇಕು, ಸೊಸೆಗೆ ಇನ್ನೊಮ್ಮೆ ಹೇಳಬೇಕು. ಗೊತ್ತಿಲ್ಲದವರಲ್ಲಿ ಈ ಸಂಚಿಕೆ ಓದುವ ನೀವೂ ಸೇರಿದ್ದೀರಿ, ನಮ್ಮ ಅತ್ತೆಯ ಬಾಯಿಂದ ಆ ಕಥೆ ಕೇಳಿದವರೂ ನಿಮ್ಮಲ್ಲಿದ್ದಾರೆ. ಅದಕ್ಕೇ ಇಲ್ಲೂ ಬರೆದಿದ್ದೇನೆ. ತ್ರೇಸ್ಯಾ ಚೇಚಿ ನನ್ನನ್ನು ಕೇಳಿದ್ದಳು. ನಾನು ಹೂಂ ಅಂದಿದ್ದೆ.